ವರ್ಗಾವಣೆ ಬೇರೆ, ಸರದಿ ಸೇವೆ ಬೇರೆ

2022ರ ನವೆಂಬರ್ 19ರಂದು ಮಂಗಳೂರಿನ ರಸ್ತೆಯಲ್ಲಿ ಹೋಗುತ್ತಿದ್ದ ಆಟೋದೊಳಗೆ ಕುಕ್ಕರ್ ಬಾಂಬ್ ಸಿಡಿಯಿತು. ಆರೋಪಿ ತೀರ್ಥಹಳ್ಳಿಯವನು. 2020ರಲ್ಲಿ ಮಂಗಳೂರಿನದೇ ಗೋಡೆಬರಹ ಪ್ರಕರಣದಲ್ಲಿ ಸಿಕ್ಕಿಬಿದ್ದು ಜಾಮೀನಿನ ಮೇಲೆ ಹೊರಬಂದಿದ್ದ. ಇನ್ನೊಂದು ಪ್ರಕರಣದಲ್ಲಿ ಶಿವಮೊಗ್ಗ ಪೊಲೀಸರು ಅವನನ್ನು ಹುಡುಕುತ್ತಿದ್ದರು. ಅವನಿದ್ದದ್ದು ಮೈಸೂರಿನ ಲೋಕನಾಯಕನಗರದ ಬಾಡಿಗೆ ಕೋಣೆಯಲ್ಲಿ, ಬೇರೊಬ್ಬರ ಆಧಾರ್ ಕಾರ್ಡ್ ತೋರಿಸಿಕೊಂಡು. ಮೂರು ಊರುಗಳಲ್ಲೂ ಪೊಲೀಸರಿದ್ದರು, ಗುಪ್ತವಾರ್ತೆಯವರಿದ್ದರು. ಒಂದೂರಿಗೆ ಗೊತ್ತಿದ್ದ ಮುಖ ಇನ್ನೊಂದೂರಿಗೆ ಅಪರಿಚಿತವಾಗಿತ್ತು.

ರಾಜ್ಯ ಗುಪ್ತವಾರ್ತೆ, ಆಂತರಿಕ ಭದ್ರತಾ ವಿಭಾಗ, ನಗರಗಳ ಸಿಸಿಬಿ, ಕೇಂದ್ರದ ಐಬಿ, ಎನ್‌ಐಎ: ಇಷ್ಟೊಂದು ಕಡೆ ಹಂಚಿಹೋದ ಸಿಬ್ಬಂದಿ ಸರದಿಯ ಮೇಲೆ ಒಬ್ಬರ ಜಾಗದಲ್ಲಿ ಇನ್ನೊಬ್ಬರು ಕೂತು ದುಡಿಯುವಂತೆ ಕಾನೂನು ಮಾಡಬೇಕೇ? ಮಾಡಬೇಕು ಎನ್ನುವವನು ನಾನು. ಆದರೆ ಎಲ್ಲರಿಗೂ ಅಲ್ಲ.

ಸೋಮನಾಥಪುರದಂಥ ಊರನ್ನೇ ನೋಡಿ. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಕೇಶವ ದೇಗುಲಕ್ಕೆ ನಿತ್ಯ ಪರಊರಿನವರು ಬರುತ್ತಾರೆ. ಅಲ್ಲಿಂದ ಸ್ವಲ್ಪ ದೂರದ ತಿರುಮಕೂಡಲಿನಲ್ಲಿ ಮೂರು ವರ್ಷಕ್ಕೊಮ್ಮೆ ಕುಂಭಮೇಳದ ಜನಸಾಗರ. ಇಂಥ ಕಡೆ ಠಾಣೆಯ ಗುಪ್ತ ಮಾಹಿತಿ ಕಲೆಹಾಕುವ ಎಸ್‌ಬಿ (ವಿಶೇಷ ಶಾಖೆ) ಕೆಲಸಕ್ಕಿರುವ ಕಾನ್‌ಸ್ಟೆಬಲ್ ಟೀ ಅಂಗಡಿಯಲ್ಲಿ ಕೂತು ಕೇಳುವ ಮಾತಿಗೆ ಬೆಲೆ ಬರುವುದು ಅವನಿಗೆ ಊರು ಗೊತ್ತಿರುವುದರಿಂದ. ಯಾರ ಮನೆಗೆ ಹೊಸ ಬಾಡಿಗೆದಾರ ಬಂದ, ಯಾವ ಬೀದಿಯ ಜಗಳ ಜಾತ್ರೆಯ ದಿನಕ್ಕಾಗಿ ಕಾಯುತ್ತಿದೆ ಎಂಬುದನ್ನು ಅವನು ಬಲ್ಲ. ಆ ನಂಬಿಕೆ ಬೆಳೆಯಲು ವರ್ಷಗಳೇ ಬೇಕು. ಅವನನ್ನು ಎತ್ತಿ ಬೇರೆ ಸಂಸ್ಥೆಗೆ ಹಾಕಿದರೆ ಅಲ್ಲಿಗೆ ಏನೂ ಸಿಗುವುದಿಲ್ಲ, ಇಲ್ಲಿ ಇದ್ದದ್ದೂ ಹೋಗುತ್ತದೆ.

ಸರದಿ ಬೇಕಾದದ್ದು ಅವನು ಕಳಿಸಿದ ವರದಿಯನ್ನು ಓದುವವರಿಗೆ, ಅದನ್ನು ಮುಂದಕ್ಕೆ ಕಳಿಸಬೇಕೋ ಕಡತದಲ್ಲೇ ಇಡಬೇಕೋ ಎಂದು ತೀರ್ಮಾನಿಸುವವರಿಗೆ. ಊರಲ್ಲೇ ಇರಬೇಕಾದವರು, ಓಡಾಡಬೇಕಾದವರು ಎಂಬ ಈ ವಿಂಗಡಣೆ ನಮಗೆ ಹೊಸದಲ್ಲ. ಆರ್. ಶಾಮಶಾಸ್ತ್ರಿಗಳು ಮೈಸೂರಿನ ಓರಿಯಂಟಲ್ ಲೈಬ್ರರಿಯ ತಾಳೆಗರಿಗಳಲ್ಲಿ ಕಂಡು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಒಂದೆಡೆ ನೆಲೆನಿಂತ ಗೂಢಚಾರರು ಬೇರೆ, ಸಂಚರಿಸುವವರು ಬೇರೆ. ಇಲಾಖೆಗೆ ಮುಖ್ಯಸ್ಥರು ಹಲವರಿರಬೇಕು, ಯಾರೂ ಖಾಯಂ ಆಗಿರಬಾರದು ಎಂದೂ ಅವನು ಹೇಳುತ್ತಾನೆ. ಮೂರು ಮೂಲಗಳ ಸುದ್ದಿ ಒಂದೇ ಆದಾಗ ನಂಬು ಎನ್ನುತ್ತಾನೆ. ಮೂರನ್ನೂ ಒಟ್ಟಿಗೆ ಓದುವ ಕಣ್ಣು ಇಲ್ಲದಿದ್ದರೆ ಆ ಮಾತು ವ್ಯರ್ಥ.

ಅಮೆರಿಕ ಇದನ್ನು ಕಲಿತದ್ದು ಭಾರಿ ಬೆಲೆ ತೆತ್ತು. 2001ರ ಸೆಪ್ಟೆಂಬರ್ ದಾಳಿಕೋರರಲ್ಲಿ ಇಬ್ಬರ ಸುಳಿವು ಸಿಐಎಗೆ ಮೊದಲೇ ಇತ್ತು. ಅದು ಎಫ್‌ಬಿಐಗೆ ಸಕಾಲದಲ್ಲಿ ತಲುಪಲಿಲ್ಲ. 2004ರ ಗುಪ್ತಚರ ಸುಧಾರಣಾ ಕಾಯ್ದೆ ಬಂದ ಮೇಲೆ ಬೇರೆ ಸಂಸ್ಥೆಯಲ್ಲಿ ದುಡಿದ ಅನುಭವವನ್ನು ಹಿರಿಯ ಹುದ್ದೆಯ ಬಡ್ತಿಗೆ ಜೋಡಿಸಲಾಯಿತು. ಬಡ್ತಿಗೆ ಜೋಡಿಸಿದ್ದೇ ಅದರ ಜೀವಾಳ. ಸುಮ್ಮನೆ ಸುತ್ತೋಲೆ ಹೊರಡಿಸಿದ್ದರೆ ಪ್ರತಿ ಸಂಸ್ಥೆಯೂ ತನಗೆ ಬೇಡವಾದವರನ್ನೇ ಪಕ್ಕದ ಮನೆಗೆ ಸಾಗಹಾಕುತ್ತಿತ್ತು.

ನಮ್ಮಲ್ಲಿ ಆ ಭಯ ಇನ್ನೂ ದೊಡ್ಡದು. ವರ್ಗಾವಣೆ ಎಂದರೆ ಶಾಸಕರ ಶಿಫಾರಸು ಪತ್ರ ಎಂದೇ ಜನ ತಿಳಿದಿದ್ದಾರೆ. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2006ರಲ್ಲಿ ಪೊಲೀಸ್ ಅಧಿಕಾರಿಗಳಿಗೆ ಕನಿಷ್ಠ ಎರಡು ವರ್ಷದ ಅವಧಿ ಕೊಡಿ ಎಂದದ್ದು ಇದಕ್ಕಾಗಿಯೇ. ಸರದಿಯ ಹೆಸರಿನಲ್ಲಿ ಆ ರಕ್ಷಣೆಯನ್ನೇ ಕಿತ್ತುಕೊಳ್ಳುವಂತಾಗಬಾರದು. ಹಾಗಾಗಿಯೇ ಕಾಯ್ದೆ ಬೇಕು: ಹೋದವರು ಅವಧಿ ಮುಗಿಸಿಯೇ ಮರಳಬೇಕು, ತಮ್ಮ ಮೂಲ ಹುದ್ದೆಯ ಹಿರಿತನ ಕಳೆದುಕೊಳ್ಳಬಾರದು, ನಡುವೆ ಕದಲಿಸಿದರೆ ಕಾರಣ ಲಿಖಿತವಾಗಿರಬೇಕು. ವರದಿ ಕಳಿಸಿದ ಕಾನ್‌ಸ್ಟೆಬಲ್‌ಗೆ ಅದು ಏನಾಯಿತೆಂಬ ಉತ್ತರ ಹೋಗಲೇಬೇಕೆಂಬ ಒಂದು ಕಲಮನ್ನೂ ನಾನು ಸೇರಿಸುತ್ತೇನೆ.

ಓಡಾಡುವವರು ಹೆಚ್ಚಿದರೆ ಗುಟ್ಟು ಸೋರುತ್ತದೆ ಎಂಬ ಆಕ್ಷೇಪ ಹುಸಿಯಲ್ಲ. ಮಾಹಿತಿದಾರರ ಹೆಸರನ್ನು ಸರದಿಯ ಮೇಲೆ ಬಂದವರಿಗೆ ತೋರಿಸಬೇಕಾಗಿಲ್ಲ. ಮಾಹಿತಿ ತೋರಿಸಿದರೆ ಸಾಕು.

ರಾಜ್ಯದೊಳಗೆ ಇದನ್ನು ಪೊಲೀಸ್ ಕಾಯ್ದೆಯ ತಿದ್ದುಪಡಿಯಿಂದಲೇ ಆರಂಭಿಸಬಹುದು. ಕೇಂದ್ರದ್ದೇ ಕಷ್ಟ. 1887ರಷ್ಟು ಹಳೆಯದಾದ ಐಬಿಗೆ ಸಂಸತ್ತಿನ ಕಾಯ್ದೆಯ ಬುನಾದಿಯೇ ಇಲ್ಲ. ಅಲ್ಲಿಯೇ ದುಡಿದು ನಿವೃತ್ತರಾದ ಆರ್. ಎನ್. ಕುಲಕರ್ಣಿ ಕರ್ನಾಟಕ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿ ಕೇಳಿದ್ದು ಇದನ್ನೇ. ಸಂಸ್ಥೆಗೇ ಕಾನೂನು ಇಲ್ಲದಿರುವಾಗ ಅದರ ಸಿಬ್ಬಂದಿಯ ಸರದಿಗೆ ಎಲ್ಲಿಂದ ಕಾನೂನು ತರುವುದು? ಸಂಸತ್ತು ಮೊದಲು ಆ ಕೆಲಸಕ್ಕೆ ಕೈಹಾಕಬೇಕು.