ಮೋತಿ ಬಂದ್ರೆ ಅವ್ವನೂ ಬರ್ತಾಳೆ

"ಮೋತಿಗಿ ಯಾರ್ ನೋಡ್ಕೋತಾರಪ್ಪಾ?"

ಎರಡು ವರ್ಷದಿಂದ ಅವ್ವನ ಉತ್ತರ ಇದೊಂದೇ. ನಾನು ಹೈದರಾಬಾದಿನ ಗಚ್ಚಿಬೌಲಿಯಲ್ಲಿ ಕೆಲಸ ಮಾಡ್ತೀನಿ. ಅವ್ವ ಸೇಡಂ ಪಕ್ಕದ ಕೋಡ್ಲಾದಲ್ಲಿ ಇರ್ತಾಳೆ. ನಡುವೆ ಇರೋದು ಕಾರಿನಲ್ಲಿ ನಾಲ್ಕು ಗಂಟೆಯ ದಾರಿ. ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನ ಫ್ಲ್ಯಾಟಿನಲ್ಲಿ ಮಲಗಿದ್ದು ಒಂದೇ ರಾತ್ರಿ. ಮರುದಿನ ಬೆಳಗ್ಗೆ ಎದ್ದವಳೇ, "ಮೋತಿ ರಾತ್ರಿ ಏನ್ ತಿಂದದೋ ಏನೋ" ಅಂತ ಮೊದಲ ಬಸ್ಸಿಗೇ ಹೊರಟುಬಿಟ್ಟಳು.

ಮೋತಿ ಅಪ್ಪನ ನಾಯಿ. ಸಿಮೆಂಟ್ ಲಾರಿಗಳ ರಸ್ತೆ ಬದಿಯಲ್ಲಿ ಸಿಕ್ಕ ಮರಿಯನ್ನು ಅಪ್ಪ ಅಂಗಿಯೊಳಗೆ ಇಟ್ಟುಕೊಂಡು ಮನೆಗೆ ತಂದಿದ್ದ. ಜಾತಿ ನಾಯಿ ಅಲ್ಲ, ನಮ್ಮೂರ ನಾಯಿ. ಕಂದು ಬಣ್ಣ, ಒಂದು ಕಿವಿ ಮಾತ್ರ ನೆಟ್ಟಗೆ.

"ಅವ್ವಾ ಬಾ" ಅಂತ ಕರೆಯೋದನ್ನು ಹೋದ ಡಿಸೆಂಬರ್‌ನಲ್ಲಿ ನಾನು ನಿಲ್ಲಿಸಿದೆ. "ಮೋತಿಗೆ ಒಂದ್ಸಲ ಹೈದರಾಬಾದ್ ತೋರಿಸೋಣ, ನೀನು ಜೊತೆಗೆ ಬಾ" ಅಂದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅದಕ್ಕ ಗಾಡ್ಯಾಗ ವಾಂತಿ ಆಯ್ತದೇನೋ?" ಅಂದಳು. ಅವಳು ಒಪ್ಪಿದ್ದಾಳೆ ಅಂತ ಗೊತ್ತಾಯ್ತು.

ಹೋಗೋದು ಹೇಗೆ?

ಸೇಡಂ ಇರೋದು ವಾಡಿ–ಸಿಕಂದರಾಬಾದ್ ರೈಲು ಮಾರ್ಗದಲ್ಲಿ, ಹಾಗಾಗಿ ಮೊದಲು ನೆನಪಾಗಿದ್ದೇ ರೈಲು. ನಾಯಿಯ ವಿಷಯದಲ್ಲಿ ರೈಲ್ವೆ ನಿಯಮ ಬಿಗಿ. ನಿಮ್ಮ ಜೊತೆ ಬೋಗಿಯಲ್ಲಿ ಕೂರಿಸಿಕೊಳ್ಳಬೇಕಂದ್ರೆ ಫಸ್ಟ್ ಎಸಿ ಅಥವಾ ಫಸ್ಟ್ ಕ್ಲಾಸ್‌ನಲ್ಲಿ ಎರಡು ಸೀಟಿನ ಕೂಪೆ ಅಥವಾ ನಾಲ್ಕು ಸೀಟಿನ ಕ್ಯಾಬಿನ್ ಪೂರ್ತಿ ನಿಮ್ಮ ಹೆಸರಲ್ಲೇ ಇರಬೇಕು. ಸ್ಲೀಪರ್, ಥರ್ಡ್ ಎಸಿ, ಸೆಕೆಂಡ್ ಎಸಿ, ಚೇರ್ ಕಾರ್ ಯಾವುದರಲ್ಲೂ ಬಿಡೋದಿಲ್ಲ. ಬುಕ್ ಮಾಡದೆ ಕರೆದೊಯ್ದು ಸಿಕ್ಕಿಬಿದ್ದರೆ ಲಗೇಜ್ ದರದ ಆರು ಪಟ್ಟು ದಂಡ. ಫಸ್ಟ್ ಎಸಿ ಇಲ್ಲದ ರೈಲಿನಲ್ಲಿ ಉಳಿಯೋದು ಗಾರ್ಡ್ ಡಬ್ಬಿಯೊಳಗಿನ ನಾಯಿ ಪೆಟ್ಟಿಗೆ ಮಾತ್ರ. ರೈಲು ಹೊರಡೋ ಮುಂಚೆ ಪಾರ್ಸೆಲ್ ಆಫೀಸಿನಲ್ಲಿ ಬುಕ್ ಮಾಡಿಸಬೇಕು. ಲಸಿಕೆ ಕಾರ್ಡ್ ಬೇಕು, ಜೊತೆಗೆ ಒಂದೆರಡು ದಿನದೊಳಗೆ ಪಶು ವೈದ್ಯರಿಂದ ಪಡೆದ ಫಿಟ್‌ನೆಸ್ ಸರ್ಟಿಫಿಕೇಟ್ ಕೂಡ. ಅವ್ವನಿಗೆ ಇಷ್ಟನ್ನೂ ವಿವರಿಸಿದಾಗ ಅವಳಿಗೆ ಕೇಳಿಸಿದ್ದು 'ಪೆಟ್ಟಿಗೆ' ಅನ್ನೋ ಶಬ್ದ ಮಾತ್ರ. "ನಾನೂ ಅದ್ರಾಗೇ ಕುಂದರ್ತೀನಿ" ಅಂದಳು. ರೈಲಿನ ಮಾತು ಅಲ್ಲಿಗೆ ಮುಗೀತು.

ಬಸ್ಸಿಗೆ ಬಂದರೆ, ಕೆಎಸ್‌ಆರ್‌ಟಿಸಿ 2022ರಲ್ಲಿ ನಿಯಮ ಬದಲಿಸಿ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಸಾಕುನಾಯಿಗೆ ಅರ್ಧ ಟಿಕೆಟ್ ಮಾಡಿತು. ರಾಜಹಂಸ, ಎಸಿ ಬಸ್ಸುಗಳಲ್ಲಿ ನಾಯಿಗೆ ಪ್ರವೇಶ ಇಲ್ಲ. ನಮ್ಮ ಕಡೆ ಓಡೋದು ಕಲ್ಯಾಣ ಕರ್ನಾಟಕ ಸಾರಿಗೆ, ಅದು ಬೇರೆ ನಿಗಮ. ನೀವು ಬಸ್ಸಿನಲ್ಲೇ ಹೋಗೋದಾದರೆ ಹಿಂದಿನ ದಿನ ಡಿಪೋದಲ್ಲಿ ಕೇಳಿಟ್ಟುಕೊಳ್ಳಿ. ಕಂಡಕ್ಟರ್ ಒಪ್ಪಿದರೂ ಪಕ್ಕದ ಸೀಟಿನವರು ಒಪ್ಪಬೇಕಲ್ಲ!

ಕೊನೆಗೆ ನನ್ನ ಸಣ್ಣ ಕಾರೇ ಗತಿಯಾಯ್ತು. ಶುಕ್ರವಾರ ರಾತ್ರಿ ನಾನು ಊರಿಗೆ ಬರೋದು, ಶನಿವಾರ ಬೆಳಗ್ಗೆ ಮೂವರೂ ಹೊರಡೋದು, ಭಾನುವಾರ ಸಂಜೆ ವಾಪಸ್, ಸೋಮವಾರ ಕೋಡ್ಲಾದಿಂದಲೇ ವರ್ಕ್ ಫ್ರಮ್ ಹೋಮ್. ಎಕ್ಸೆಲ್ ಶೀಟ್ ರೆಡಿ.

ಮೊದಲು ಟೆಸ್ಟಿಂಗ್

ಟೆಸ್ಟ್ ಮಾಡದ ಕೋಡನ್ನು ಶುಕ್ರವಾರ ಸಂಜೆ ಲೈವ್ ಮಾಡಬಾರದು ಅನ್ನೋದು ನಮ್ಮ ಆಫೀಸಿನ ನೀತಿ. ನಾಯಿಗೂ ಅದೇ ಅನ್ವಯಿಸಿದೆ. ಹಿಂದಿನ ವೀಕೆಂಡಿನಲ್ಲಿ ನಿಂತ ಕಾರಿನೊಳಗೆ ಮೋತಿಗೆ ರೊಟ್ಟಿ ತಿನ್ನಿಸಿದೆವು. ಮರುದಿನ ಸೇಡಂವರೆಗೆ ಹೋಗಿ ಬಂದೆವು. ಮೂರನೇ ಸಲ ಮಳಖೇಡಕ್ಕೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಊರಿಗೆ ಹೋಗಿ ನಮ್ಮ ಮೋತಿ ಮಾಡಿದ್ದು ಕಾಗಿಣಾ ನದಿ ದಂಡೆ ಮೇಲೆ ಒಂದು ವಾಂತಿ. ಹೊರಡೋ ಮುಂಚೆ ಅವ್ವ ಹೊಟ್ಟೆ ತುಂಬ ಹಾಲು–ರೊಟ್ಟಿ ಹಾಕಿದ್ದಳು. ಪಾಠ ಏನಂದ್ರೆ, ಹೊರಡೋಕೆ ಮೂರು–ನಾಲ್ಕು ಗಂಟೆ ಮೊದಲೇ ಊಟ ಮುಗೀಬೇಕು, ಆಮೇಲೆ ನೀರು ಮಾತ್ರ.

ಸೇಡಂನ ಪಶು ಆಸ್ಪತ್ರೆಯಲ್ಲಿ ರೇಬೀಸ್ ಲಸಿಕೆ ಹಾಕಿಸಿ ಕಾರ್ಡ್‌ನಲ್ಲಿ ಬರೆಸಿಕೊಂಡೆವು. ಉಣ್ಣಿಗೆ ಔಷಧಿ, ಜಂತುಹುಳಕ್ಕೆ ಗುಳಿಗೆ ಕೂಡ ಆಯ್ತು. ಪ್ರಾಣಿಗಳ ತುರ್ತು ಚಿಕಿತ್ಸೆಯ ನಂಬರ್ 1962 ಅನ್ನು ಫೋನಿನಲ್ಲಿ ಸೇವ್ ಮಾಡಿಟ್ಟೆ. ನೀವೂ ಈಗಲೇ ಮಾಡಿ.

ಬ್ಯಾಗಿಗೆ ಹಾಕಿದ್ದು ಇಷ್ಟು: ಮನೆಯ ನೀರು ಎರಡು ಬಾಟಲಿ, ಅದು ದಿನಾ ಉಣ್ಣೋ ತಟ್ಟೆ, ಹಳೇ ಪೇಪರ್, ಮಲ ಎತ್ತೋಕೆ ಪ್ಲಾಸ್ಟಿಕ್ ಚೀಲ, ಗಟ್ಟಿ ಹಗ್ಗ, ಲಸಿಕೆ ಕಾರ್ಡಿನ ಫೋಟೊ. ಅವ್ವ ಸೇರಿಸಿದ್ದು ಒಂದೇ ವಸ್ತು, ಮೋತಿ ಮಲಗೋ ಹರಕು ಕೌದಿ. "ಅಷ್ಟು ಹೊಲಸು ಯಾಕವ್ವಾ" ಅಂತ ನಾನು ಮೂಗು ಮುರಿದೆ. ಇಡೀ ಬ್ಯಾಗಿನಲ್ಲಿ ಹೆಚ್ಚು ಕೆಲಸಕ್ಕೆ ಬಂದದ್ದು ಅದೇ.

ದಾರಿ

ಬೆಳಗ್ಗೆ ಐದೂವರೆಗೆ ಹೊರಟೆವು. ನಮ್ಮ ಕಡೆಯ ಬಿಸಿಲು ಗೊತ್ತಲ್ಲ, ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತೆ. ಆಗ ನಾಯಿ ಜೊತೆ ಟ್ರಿಪ್ ಮಾಡೋ ಯೋಚನೆಯೇ ಬೇಡ. ಚಳಿಗಾಲದಲ್ಲೂ ನಿಂತ ಕಾರಿನಲ್ಲಿ ನಾಯಿ ಬಿಟ್ಟು ಹೋಗಬೇಡಿ. ಗ್ಲಾಸು ಏರಿಸಿದ ಕಾರಿನೊಳಗೆ ಬಿಸಿಲಿದ್ದರೆ ಹತ್ತೇ ನಿಮಿಷದಲ್ಲಿ ಸುಮಾರು ಹತ್ತು ಡಿಗ್ರಿ ಏರಿಬಿಡುತ್ತೆ. ಮನುಷ್ಯರ ಹಾಗೆ ಮೈಯೆಲ್ಲ ಬೆವರಿ ತಂಪಾಗೋದು ನಾಯಿಗೆ ಆಗೋದಿಲ್ಲ, ನಾಲಿಗೆ ಚಾಚಿ ತೇಕೋದೇ ಅದಕ್ಕಿರೋ ದಾರಿ. ಹಾಗಾಗಿ ನಮ್ಮ ಚಹಾ ಸಹ ಪಾಳಿ ಮೇಲೆ ಆಯ್ತು. ಒಬ್ಬರು ಕುಡಿಯುವಾಗ ಇನ್ನೊಬ್ಬರು ಮೋತಿ ಜೊತೆ.

ರಿಬ್ಬನಪಲ್ಲಿ ದಾಟಿ ತೆಲಂಗಾಣ, ಆಮೇಲೆ ಕೊಡಂಗಲ್, ಪರಿಗಿ. ಗಂಟೆಗೊಂದು ಸಲ ನಿಲ್ಲಿಸಿದೆವು. ಮನ್ನೆಗೂಡ ಬಿಟ್ಟ ಮೇಲೆ ಚೇವೆಳ್ಳ ಕಡೆ ರಸ್ತೆಯ ಎರಡೂ ಬದಿ ಹಳೇ ಆಲದ ಮರಗಳ ಸಾಲು ಸಿಗುತ್ತೆ. ಹೈವೇ ಅಂಚು ಬಿಟ್ಟು ಒಳಗಿನ ಹೊಲದ ದಾರಿಯಲ್ಲಿ ಕಾರು ಹಾಕಿ ಅರ್ಧ ಗಂಟೆ ಕೂತೆವು. ಅವ್ವ ರೊಟ್ಟಿ ಗಂಟು ಬಿಚ್ಚಿದಳು. "ನಿಮ್ಮಪ್ಪಾ ಇಲ್ಲೇ ಎಲ್ಲೋ ಬಸ್ ನಿಂದ್ರಸಿ ಪೇರಲಹಣ್ಣು ತಂದಿದ್ದ" ಅಂದಳು. ಮದುವೆಯಾದ ಹೊಸದರಲ್ಲಿ ಇಬ್ಬರೂ ಹೈದರಾಬಾದಿಗೆ ಹೋಗಿದ್ದರಂತೆ. ಸಾಲಾರ್ ಜಂಗ್ ಮ್ಯೂಸಿಯಂನಲ್ಲಿ ಗಂಟೆ ಬಾರಿಸೋ ಗೊಂಬೆ ಗಡಿಯಾರ ನೋಡಿದ್ದರಂತೆ. ಮೂವತ್ತು ವರ್ಷದಲ್ಲಿ ಈ ಕತೆ ನನಗೆ ಗೊತ್ತೇ ಇರಲಿಲ್ಲ.

ಊರೊಳಗೆ

ನಾಯಿ ಜೊತೆಗಿದ್ದರೆ ನೋಡೋ ಜಾಗಗಳ ಪಟ್ಟಿ ಅರ್ಧಕ್ಕೆ ಇಳಿಯುತ್ತೆ, ಇದಕ್ಕೆ ಮೊದಲೇ ಮನಸ್ಸು ಮಾಡಿಕೊಳ್ಳಿ. ಚಾರ್‌ಮಿನಾರ್ ಒಳಗೆ, ಗೋಲ್ಕೊಂಡ ಕೋಟೆಯೊಳಗೆ, ಮ್ಯೂಸಿಯಂ ಒಳಗೆ ನಾಯಿ ಒಯ್ಯೋ ಹಾಗಿಲ್ಲ. ಕೆಬಿಆರ್ ಪಾರ್ಕ್ ರಾಷ್ಟ್ರೀಯ ಉದ್ಯಾನ, ಅಲ್ಲೂ ಇಲ್ಲ. ನನ್ನ ಶೀಟಿನ ಏಳು ಸಾಲಿನಲ್ಲಿ ಐದು ಅಳಿಸಿದೆ. ಅವ್ವನ ಗಡಿಯಾರವೂ ಅದರಲ್ಲೇ ಹೋಯ್ತು.

ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಮೊದಲ ತಕರಾರು. ನಾಯಿಗೆ ಲಿಫ್ಟ್ ಇಲ್ಲ, ಮೆಟ್ಟಿಲು ಹತ್ತಿಸಿ ಅಂದರು. ಏಳನೇ ಮಹಡಿ, ಅವ್ವನ ಮೊಣಕಾಲು ನೋವು ಬೇರೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಕೊಟ್ಟಿದೆ: ವಸತಿ ಸಂಘಗಳು ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ಬಳಸಬೇಡಿ ಅನ್ನುವಂತಿಲ್ಲ. ಅದನ್ನು ಫೋನಿನಲ್ಲಿ ತೋರಿಸಿದೆ. ಜಗಳ ಮಾತ್ರ ಮಾಡಲಿಲ್ಲ. ಹಗ್ಗ ಗಿಡ್ಡ ಹಿಡೀತೀವಿ, ಯಾರಾದರೂ ಇದ್ದರೆ ಮುಂದಿನ ಲಿಫ್ಟಿಗೆ ಕಾಯ್ತೀವಿ, ಹೊಲಸಾದರೆ ನಾವೇ ತೆಗೀತೀವಿ ಅಂದೆ. ಒಪ್ಪಿದರು. ಎದುರಿಗೆ ಬರೋ ಮಗು ಹೆದರಬಹುದು ಅನ್ನೋದೂ ನಿಜವೇ ತಾನೆ?

ಮನೆಯೊಳಗೆ ಮೋತಿಗೆ ದೊಡ್ಡ ಕಷ್ಟ ನೆಲದ್ದು. ಹುಟ್ಟಿದಾಗಿನಿಂದ ಫರಸಿ ಕಲ್ಲಿನ ಮೇಲೆ ಓಡಾಡಿದ ಕಾಲು, ನುಣುಪು ಟೈಲ್ಸ್ ಮೇಲೆ ನಾಲ್ಕು ದಿಕ್ಕಿಗೆ ಜಾರೋದು. ಅವ್ವ ಆ ಹರಕು ಕೌದಿ ಹಾಸಿದಳು. ಮೋತಿ ಮೂರು ಸುತ್ತು ತಿರುಗಿ ಅದರ ಮೇಲೆ ಬಿದ್ದುಕೊಂಡಿತು. ಪಕ್ಕದಲ್ಲೇ ಅವ್ವನೂ ಅಡ್ಡಾದಳು. ಎರಡು ವರ್ಷದಲ್ಲಿ ನನ್ನ ಮನೆಯಲ್ಲಿ ಅವಳು ಮಧ್ಯಾಹ್ನ ನಿದ್ದೆ ಮಾಡಿದ್ದು ಅವತ್ತೇ ಮೊದಲು.

ಆ ರಾತ್ರಿ

ರಾತ್ರಿ ಒಂಬತ್ತರ ಸುಮಾರಿಗೆ ಕೆಳಗೆ ವಾಕಿಂಗ್ ಇಳಿದೆವು. ಗೇಟ್ ಹತ್ತಿರ ಬರೋದಕ್ಕೂ ತಿರುವಿನಲ್ಲಿ ಮದುವೆ ಬರಾತ್ ಬರೋದಕ್ಕೂ ಸರಿಹೋಯ್ತು. ಬ್ಯಾಂಡ್, ಕುದುರೆ, ಆಮೇಲೆ ಪಟಾಕಿ ಸರ. ಮೋತಿ ಹಿಂದಕ್ಕೆ ಜಗ್ಗಿತು. ಎದೆಗೆ ಕಟ್ಟೋ ಹಾರ್ನೆಸ್‌ನಿಂದ ಎರಡೇ ಸೆಕೆಂಡಿನಲ್ಲಿ ನುಣುಚಿಕೊಂಡಿತು. ನನ್ನ ಕೈಯಲ್ಲಿ ಹಗ್ಗ ಉಳಿಯಿತು, ನಾಯಿ ಕತ್ತಲೆಗೆ ಓಡಿತು.

ಇಪ್ಪತ್ತು ನಿಮಿಷ ಹುಡುಕಿದೆ. ಕಂದು ಬಣ್ಣದ ಊರ ನಾಯಿಯನ್ನು ಹೈದರಾಬಾದಿನಲ್ಲಿ ಹೇಗೆ ಹುಡುಕೋದು? ಕೇಳಿದವರೆಲ್ಲ ಬೇರೆ ಬೇರೆ ನಾಯಿ ತೋರಿಸಿದರು. ಅವ್ವನ ಮುಖ ನೋಡೋ ಧೈರ್ಯ ಇರಲಿಲ್ಲ. ನಾಯಿ ಕಳೆದರೆ ಅವಳ ಪಾಲಿಗೆ ಅಪ್ಪನ ಕೊನೆಯದೂ ಹೋದ ಹಾಗೆ. ಕರೆದುಕೊಂಡು ಬಂದವನು ನಾನು.

ಅವ್ವ ಓಡಲಿಲ್ಲ. ಬರಾತ್ ದಾಟಿ ಸದ್ದು ಅಡಗೋವರೆಗೆ ನಿಂತಳು. ಆಮೇಲೆ ಪಕ್ಕದ ಬಿಲ್ಡಿಂಗಿನ ಪಾರ್ಕಿಂಗ್ ಬಾಗಿಲಲ್ಲಿ ನೆಲಕ್ಕೆ ಕೂತು, ಊರಲ್ಲಿ ರೊಟ್ಟಿ ಹಾಕುವಾಗ ಕರೆಯೋ ದನಿಯಲ್ಲಿ, "ಮೋತೀ... ಬಾರೋ ನನ್ ಯಪ್ಪಾ" ಅಂದಳು. ಒಂದು ಕಾರಿನಡಿಯಿಂದ ಹೊಟ್ಟೆ ಎಳೆಯುತ್ತ ಬಂತು.

ಹಿಂದೆಯೇ ಅಲ್ಲಿನ ವಾಚ್‌ಮನ್ ಬಂದ. ಬಿಸ್ಕೀಟ್ ಹಾಕಿ ಕೊರಳ ಬಿಲ್ಲೆ ನೋಡಿದ್ದನಂತೆ, ಫೋನೂ ಮಾಡಿದ್ದನಂತೆ. "ನಂಬರ್ ನೈ ಲಗ್ರಾ ಅಮ್ಮಾ" ಅಂದ.

ಬಿಲ್ಲೆ ತಿರುಗಿಸಿ ನೋಡಿದೆ. ಅದು ಅಪ್ಪ ಸೇಡಂನಲ್ಲಿ ಕೆತ್ತಿಸಿದ ಹಿತ್ತಾಳೆ ಬಿಲ್ಲೆ. ಅದರ ಮೇಲಿದ್ದದ್ದು ಅಪ್ಪನ ನಂಬರ್. ಅವನು ಹೋದ ಆರು ತಿಂಗಳಿಗೆ ಆ ಸಿಮ್ ಬಂದ್ ಮಾಡಿಸಿದ್ದು ನಾನೇ. ಲಸಿಕೆ, ಔಷಧಿ, ಗೂಗಲ್ ಮ್ಯಾಪ್, ಎಲ್ಲ ಚೆಕ್ ಮಾಡಿದ್ದೆ. ದಿನಾ ಕಣ್ಣೆದುರು ಇದ್ದದ್ದನ್ನು ನೋಡಿರಲಿಲ್ಲ.

ಹಾಗಾಗಿ ಈ ಬರಹದಿಂದ ನೀವು ಒಂದೇ ಕೆಲಸ ಮಾಡೋದಾದರೆ ಇದನ್ನು ಮಾಡಿ: ನಿಮ್ಮ ನಾಯಿಯ ಕೊರಳಲ್ಲಿರೋ ನಂಬರಿಗೆ ಇವತ್ತೇ ಒಂದು ಕಾಲ್ ಮಾಡಿ ನೋಡಿ. ಹಾರ್ನೆಸ್ ಹಾಕಿ ಹಿಂದಕ್ಕೆ ಜಗ್ಗಿ ಪರೀಕ್ಷಿಸಿ. ಹೊಸ ಊರಲ್ಲಿ ಹಾರ್ನೆಸ್‌ಗೊಂದು, ಕೊರಳ ಪಟ್ಟಿಗೊಂದು, ಎರಡು ಹಗ್ಗ ಇರಲಿ.

ಭಾನುವಾರ

ಬೆಳಗ್ಗೆ ಕೊಂಡಾಪುರದ ನಾಯಿ ಪಾರ್ಕಿಗೆ ಹೋದೆವು. ಹೈದರಾಬಾದ್ ಮಹಾನಗರ ಪಾಲಿಕೆ 2018ರಲ್ಲಿ ತೆರೆದದ್ದು, 1.3 ಎಕರೆ. ಲಸಿಕೆ ಕಾರ್ಡ್ ಜೊತೆಗಿರಲಿ. ಒಳಗೆ ನೆಗೆಯೋಕೆ, ಹತ್ತೋಕೆ ಆಟದ ಸಾಮಾನು. ಸ್ವೆಟರ್ ಹಾಕಿಕೊಂಡ ನಾಯಿಗಳ ನಡುವೆ ಮೋತಿ ಹತ್ತು ನಿಮಿಷ ಅವ್ವನ ಸೀರೆ ಹಿಂದೆ ನಿಂತಿತ್ತು, ಆಮೇಲೆ ಹಗ್ಗ ಬಿಚ್ಚಿದ್ದೇ ತಡ ಪಾರ್ಕಿನ ಆ ತುದಿಗೆ. ಒಬ್ಬ ಹುಡುಗಿ ಬಂದು, "ಕೌನ್ಸಾ ಬ್ರೀಡ್ ಆಂಟೀ?" ಅಂತ ಕೇಳಿದಳು. ಅವ್ವ ಸೆರಗು ಸರಿಮಾಡಿಕೊಂಡು, "ಕೋಡ್ಲಾ ಕಾ" ಅಂದಳು.

ವಾಪಸ್ ಊರಿಗೆ ಹೋದ ಮೇಲೆ ಹೊಸ ಬಿಲ್ಲೆ ಆನ್‌ಲೈನ್‌ನಲ್ಲಿ ಆರ್ಡರ್ ಮಾಡ್ತೀನಿ ಅಂದೆ. ಅವ್ವ ಬೇಡ ಅಂದಳು. "ಹಳೀದೇ ಇರ್ಲಿ. ಇದ್ರ ಹಿಂದ ಜಾಗಾ ಅದ ಅಲ್ಲ, ಅಲ್ಲಿ ನನ್ ನಂಬರ್ ಹಾಕ್ಸು." ಸೋಮವಾರ ಮಧ್ಯಾಹ್ನ ಲಂಚ್ ಬ್ರೇಕ್‌ನಲ್ಲಿ ಸೇಡಂಗೆ ಹೋಗಿ ಕೆತ್ತಿಸಿಕೊಂಡು ಬಂದೆ. ಕೆತ್ತೋನ ಎದುರೇ ಒಂದು ಕಾಲ್ ಮಾಡಿ ನೋಡಿದೆ. ಎರಡನೇ ರಿಂಗಿಗೇ ಅವ್ವ ಎತ್ತಿದಳು.

ಈಗ ಚಿಂಚೋಳಿಯ ನನ್ನ ರೂಮ್‌ಮೇಟ್ ಪ್ರತಿ ಸಲ ನನ್ನ ಜೊತೆ ಊರಿಗೆ ಬಂದು ಮೋತಿಗೆ ಬಿಸ್ಕೀಟ್ ಹಾಕ್ತಿದ್ದಾನೆ. ಮುಂದಿನ ಟ್ರಿಪ್‌ನಲ್ಲಿ ಅವನು ಎರಡು ಗಂಟೆ ಮೋತಿ ಜೊತೆ ಕೂರಬಲ್ಲ ಅಂತಾದರೆ, ಶೀಟಿನಲ್ಲಿ ಅಳಿಸಿದ ಒಂದು ಸಾಲನ್ನು ವಾಪಸ್ ಸೇರಿಸಬಹುದು.

ನಿನ್ನೆ ಅವ್ವ ತಾನೇ ಫೋನ್ ಮಾಡಿದ್ದಳು. ಮೋತಿ ಏನು ತಿಂತು, ಎಷ್ಟು ಸಲ ಬೊಗಳಿತು ಎಲ್ಲ ಹೇಳಿ ಮುಗಿಸಿ, ಕೊನೆಗೆ ಕೇಳಿದಳು: "ಆ ಗಡಿಯಾರ ಇನ್ನಾ ಬಡೀತದೇನೋ?"