ನಮ್ಮಿಂದ ಏನಾಗುತ್ತೆ ಅನ್ನಬೇಡಿ



ಸಮಾಜ ಬದಲಾಗಬೇಕು ಅಂತ ಭಾಷಣ ಸ್ಪರ್ಧೆಯಲ್ಲಿ ಎಲ್ಲರೂ ಹೇಳುತ್ತೇವೆ. ಬಹುಮಾನದ ಸ್ಟೀಲ್ ತಟ್ಟೆ ತಗೊಂಡು ಮನೆಗೆ ಹೋಗುತ್ತೇವೆ. (ನಮ್ಮನೆಯಲ್ಲೂ ಎರಡು ತಟ್ಟೆ ಇವೆ.) ಯಾರು ಬದಲಾಯಿಸಬೇಕು ಎಂದು ಕೇಳಿದರೆ ಮಾತ್ರ ಸರ್ಕಾರ, ಎಂ.ಎಲ್.ಎ., ಪೊಲೀಸರು ಅನ್ನುತ್ತೇವೆ. ನಮ್ಮಜ್ಜಿ ಅಂತೂ "ನಮ್ಮಂಥೋರ ಮಾತು ಯಾರು ಕೇಳ್ತಾರೆ ಬಿಡವ್ವ" ಅಂದುಬಿಡುತ್ತಾರೆ.

ಸಮಾಜ ಮೇಷ್ಟ್ರು ತರಗತಿಯಲ್ಲಿ ಹೇಳಿದ ಒಂದು ಸಂಗತಿ ಬರೆಯುತ್ತೇನೆ. ಆಂಧ್ರದ ನೆಲ್ಲೂರು ಜಿಲ್ಲೆಯಲ್ಲಿ ದೂಬಗುಂಟ ಎಂಬ ಹಳ್ಳಿ ಇದೆ. 1990ರ ನಂತರ ಅಲ್ಲಿ ಸಾಕ್ಷರತಾ ಆಂದೋಲನ ನಡೆಯಿತು. ಹಗಲೆಲ್ಲ ಕೂಲಿ ಮಾಡಿದ ಹೆಂಗಸರು ರಾತ್ರಿ ಅಕ್ಷರ ಕಲಿಯಲು ಬರುತ್ತಿದ್ದರು. ಅವರ ಪುಸ್ತಕದಲ್ಲಿ ಸೀತಮ್ಮ ಎಂಬಾಕೆಯ ಪಾಠ ಇತ್ತು. ಕುಡಿತದಿಂದ ಹಾಳಾದ ಊರಿನ ಕಥೆ ಅದು. ಪಾಠ ಓದಿದವರು ಸುಮ್ಮನೆ ಪುಸ್ತಕ ಮುಚ್ಚಲಿಲ್ಲ. ನಮ್ಮೂರಲ್ಲೂ ಹೀಗೇ ಅಲ್ಲವಾ ಎಂದು ಮಾತಾಡಿಕೊಂಡರು, ಒಟ್ಟಾಗಿ ಹೋಗಿ ಊರಿಗೆ ಸಾರಾಯಿ ಬರುವುದನ್ನು ನಿಲ್ಲಿಸಿದರು. ಆಮೇಲೆ ಅವರ ಕಥೆಯೇ ಮುಂದಿನ ಪುಸ್ತಕದಲ್ಲಿ ಪಾಠವಾಯಿತು! ಅದನ್ನು ಓದಿ ಬೇರೆ ಊರಿನ ಹೆಂಗಸರೂ ಎದ್ದರು. 1992ರಲ್ಲಿ ಸಾರಾಯಿ ಹರಾಜು ನಡೆಯದಂತೆ ಅಡ್ಡ ನಿಂತರು. 1993ರ ಅಕ್ಟೋಬರ್ 1ರಿಂದ ಇಡೀ ಆಂಧ್ರದಲ್ಲಿ ಸಾರಾಯಿ ನಿಷೇಧ ಆಯಿತು. ಹೋರಾಟದ ಮುಂದಾಳು ರೋಶಮ್ಮ, ದೂಬಗುಂಟ ರೋಶಮ್ಮ ಎಂದೇ ಹೆಸರಾದರು.

1995ರಲ್ಲಿ ಅಲ್ಲಿ ಎಲ್ಲ ಮದ್ಯವನ್ನೂ ನಿಷೇಧಿಸಿದ್ದರು, ಆದರೆ 1997ರಲ್ಲಿ ಅದನ್ನು ಸಡಿಲ ಮಾಡಿದರು. ನಮ್ಮ ರಾಜ್ಯದಲ್ಲೂ 2007ರ ಜುಲೈ 1ರಿಂದ ಸಾರಾಯಿ ಇಲ್ಲ, ಆದರೆ ಬೇರೆ ಪ್ಯಾಕೆಟ್ ಇದೆ. ಹಾಗಾದರೆ ಏನು ಪ್ರಯೋಜನ ಎಂದು ನನ್ನ ಗೆಳತಿ ಕೇಳಿದಳು. ನನಗೂ ಸ್ವಲ್ಪ ಹೊತ್ತು ಉತ್ತರ ತೋಚಲಿಲ್ಲ. ಅಷ್ಟು ವರ್ಷ ಎಷ್ಟೋ ಮನೆಯಲ್ಲಿ ಸಂಜೆ ಹೊತ್ತು ಒಲೆ ಉರಿದಿರಬೇಕಲ್ಲ, ಅದು ಸುಳ್ಳಾ?

ಈಗ ನಮ್ಮೂರಿನ ಮಾತು. ಇಲ್ಲಿ ಪೆಟ್ಟಿಗೆ ಅಂಗಡಿಯಲ್ಲಿ ಬಿಸ್ಕತ್ತಿನ ಡಬ್ಬದ ಹಿಂದೆ ಏನು ಇಟ್ಟಿರುತ್ತಾರೆ ಅಂತ ನಮಗೆಲ್ಲ ಗೊತ್ತು. ಯಾಕೆಂದರೆ ಅಪ್ಪಂದಿರು ಅದನ್ನು ತರಲು ಕಳಿಸುವುದು ನಮ್ಮನ್ನೇ. ನಮ್ಮ ತರಗತಿಯ ಒಬ್ಬ ಹುಡುಗ ಹಾಗೆ ಹೋಗಿ ಹೋಗಿ, ಈಗ ಶಾಲೆಗೇ ಬರುತ್ತಿಲ್ಲ. ಲೈಸೆನ್ಸ್ ಇಲ್ಲದೆ ಮದ್ಯ ಮಾರುವುದು ಅಪರಾಧ. ಮಕ್ಕಳ ಕೈಗೆ ಕೊಡುವುದೂ ಅಪರಾಧ. ಇದು ದೊಡ್ಡವರಿಗೆ ಗೊತ್ತಿಲ್ಲ ಅಂತಲ್ಲ. ಆದರೆ ಅಂಗಡಿಯವರು ಬೇಕಾದವರು, ಸಾಲ ಕೊಡುತ್ತಾರೆ, ಒಬ್ಬರೇ ಹೋಗಿ ಹೇಳಲು ಭಯ. ಅದಕ್ಕೇ ಒಬ್ಬರೇ ಹೋಗಬಾರದು ಅನ್ನೋದು ನನ್ನ ಅಭಿಪ್ರಾಯ.

ಮಕ್ಕಳ ಗ್ರಾಮಸಭೆಯಲ್ಲಿ ನಾವು ಯಾವಾಗಲೂ ಕಾಂಪೌಂಡು, ನಲ್ಲಿ, ಚೆಂಡು ಕೇಳುತ್ತೇವೆ. ಅವೂ ಬೇಕು. ಈ ಸಲ ಮೊದಲು ಇದನ್ನು ಕೇಳೋಣ. ಬಾಯಲ್ಲಿ ಹೇಳಿದರೆ "ಆಯ್ತು ಕೂತ್ಕೊಳ್ಳಮ್ಮ" ಅನ್ನುತ್ತಾರೆ, ಆದ್ದರಿಂದ ಅರ್ಜಿ ಬರೆದು ಕೊಡಬೇಕು. ಸ್ವೀಕೃತಿ ಪಡೆಯಬೇಕು. ಅಂಗಡಿಯವರನ್ನು ಬೈದು ಬರೆಯುವುದು ಬೇಡ, ಅವರ ಮಗಳೂ ನಮ್ಮ ಜೊತೆಯೇ ಓದುತ್ತಾಳೆ.

ಅರ್ಜಿಯನ್ನು ಮನೆಗೆ ಒಯ್ದು ಅಮ್ಮಂದಿರಿಗೆ ಓದಿ ಹೇಳಿ. ಹಾಳೆ ಒಂಬತ್ತನೇ ತರಗತಿಯ ಬೀರುವಿನ ಮೇಲಿದೆ. ನಿನ್ನೆಗೆ ಹನ್ನೊಂದು ಸಹಿ ಆಗಿವೆ. ಕೊನೆಯ ಹೆಬ್ಬೆಟ್ಟು ನಮ್ಮಜ್ಜಿಯದು.

— ಒಬ್ಬ ವಿದ್ಯಾರ್ಥಿನಿ, 9ನೇ ತರಗತಿ