ಅಜ್ಜನ ಚಾಕು, ಅಪ್ಪನ ಮುಷ್ಟಿ

ಖಂಡೇನವಮಿ ದಿನ ಸುರೇಬಾನದ ನಮ್ಮ ಮನೆಯಲ್ಲಿ ಪೂಜೆಗೆ ಇಡುವ ಸಾಮಾನಿನ ಸಾಲು ದೊಡ್ಡದು. ಕುಡಗೋಲು, ಕುರ್ಪಿ, ಕೊಡ್ಲಿ, ಅವ್ವನ ಈಳಿಗಿ, ತಮ್ಮನ ಬೈಕಿನ ಕೀಲಿ, ನಾನು ಬೆಂಗಳೂರಿಗೆ ಕೆಲಸಕ್ಕೆ ಹೋದ ಮೇಲೆ ನನ್ನ ಲ್ಯಾಪ್‌ಟಾಪ್ ಕೂಡ. ಸಾಲಿನ ತುದಿಗೆ ಅಜ್ಜನ ಮಡಚೋ ಚಾಕು. ಹೋದ ವರ್ಷ ನೋಡ್ತೀನಿ, ಅದರ ಹಿಡಿಕಿಗೆ ಕರೀ ಇನ್ಸುಲೇಷನ್ ಟೇಪ್ ಸುತ್ತಿದೆ. ಟೇಪಿನ ಮೇಲೆಯೇ ವಿಭೂತಿ, ಕುಂಕುಮ.

“ಅಪ್ಪಾ, ಇದೇನಿದು?”

“ಹಿಡಿಕಿ ಸೀಳೇತಿ. ನಡೀತೈತಿ ತಗೋ.”

ನಡೀಲಿಲ್ಲ. ನಾನು ಬೆಂಗಳೂರಿಗೆ ಬಂದು ಎರಡು ವಾರ ಆಗಿರಲಿಲ್ಲ, ಅವ್ವನ ಫೋನು. ಗೊಬ್ಬರದ ಚೀಲ ಕೊಯ್ಯುವಾಗ ಚಾಕು ತಾನೇ ಮಡಚಿಕೊಂಡು ಅಪ್ಪನ ತೋರುಬೆರಳಿಗೆ ಬಡಿದಿತ್ತು. ಮೂರು ಹೊಲಿಗೆ.

ನಾನು ಮಾಡಿದ್ದು ನೀವೂ ಮಾಡುತ್ತಿದ್ದ ಕೆಲಸವೇ. ಅವತ್ತು ರಾತ್ರಿನೇ ಆನ್‌ಲೈನ್‌ನಲ್ಲಿ ಹೊಸ ಚಾಕು ಆರ್ಡರ್ ಮಾಡಿದೆ. ಕೆಂಪು ಬಣ್ಣದ್ದು, ಕತ್ತರಿ, ಸ್ಕ್ರೂಡ್ರೈವರ್ ಎಲ್ಲ ಇರುವಂಥದ್ದು. ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ “ಭಾಳ ಚಲೋ ಐತಿ” ಅಂದರಂತೆ. ಆಮೇಲೆ ಡಬ್ಬಿ ಸಮೇತ ಕಪಾಟಿನಲ್ಲಿಟ್ಟು, ಹಳೇದಕ್ಕೆ ಇನ್ನೊಂದು ಸುತ್ತು ಟೇಪ್ ಸುತ್ತಿಕೊಂಡರು. ನನಗೆ ಸಿಟ್ಟು ಬಂತು. ಹಳೇ ಮಂದಿಗೆ ಹಳೇದೇ ಬೇಕು ಅಂತ ಅಂದುಕೊಂಡೆ.

ನಿಜ ಹೇಳಬೇಕಂದ್ರೆ ಹಳೇದರ ಮೇಲೆ ಜಾಸ್ತಿ ಆಸೆ ಇದ್ದದ್ದು ನನಗೇ. ಅಜ್ಜ ಅದನ್ನು ಸವದತ್ತಿ ಎಲ್ಲಮ್ಮನ ಜಾತ್ರೆಯಲ್ಲಿ ಕೊಂಡಿದ್ದು ಅಂತ ಮನೆಯಲ್ಲಿ ಹೇಳ್ತಾರೆ. ಎಲಿಯಡಿಕೆ ಚಂಚಿಯಲ್ಲೇ ಅದರ ವಾಸ. ಪೇರಲ ಹಣ್ಣು ಕೊಯ್ದು, ಹೋಳನ್ನು ಅಲಗಿನ ಮೇಲೇ ಇಟ್ಟು ನಮ್ಮ ಬಾಯಿಗೆ ಚಾಚುತ್ತಿದ್ದ. ಆ ಕಪ್ಪು ಕೋಡಿನ ಹಿಡಿಕಿಯಲ್ಲಿ ಅಜ್ಜನ ಹೆಬ್ಬೆರಳು ಕೂಡುತ್ತಿದ್ದ ಜಾಗ ಸವೆದು ಸಣ್ಣ ತಗ್ಗು ಬಿದ್ದಿದೆ. ಆ ತಗ್ಗು ಹಾಗೇ ಉಳಿಯಬೇಕು, ಸೀಳಿಗೆ ಅರಾಲ್ಡೈಟ್ ತುಂಬಿಸಿ ಮೊದಲಿನ ಹಾಗೆ ಮಾಡಿಸಬೇಕು ಅನ್ನೋದು ನನ್ನ ಪ್ಲ್ಯಾನ್.

ಸಂಕ್ರಾಂತಿಗೆ ಊರಿಗೆ ಹೋದಾಗ ಕಂಬಾರ ಕಾಕಾನ ಕುಲಿಮಿಗೆ ಹೊರಟೆ. ಅಪ್ಪನೂ ಬಂದರು. ಹೊರಡುವಾಗ ಅವ್ವ ಬಾಗಿಲಲ್ಲಿ ನಿಂತು ಹೊಸ ಭಯ ಹುಟ್ಟಿಸಿದಳು: “ಅದು ಚಿಗರಿ ಕೋಡು ಅಂತಿದ್ದರವ್ವಾ ನಿಮ್ಮಜ್ಜ.” ಎದೆ ಧಸಕ್ಕೆಂದಿತು. 2023ರ ಅಕ್ಟೋಬರ್‌ನಲ್ಲಿ ಹುಲಿ ಉಗುರಿನ ಪೆಂಡೆಂಟ್ ಪ್ರಕರಣ ಟಿವಿ ತುಂಬ ಓಡಿದ್ದು ನಿಮಗೂ ನೆನಪಿರಬೇಕು. ಚಿಗರಿ, ಅಂದರೆ ಕೃಷ್ಣಮೃಗ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿರುವ ಪ್ರಾಣಿ. ಅದರ ಕೋಡಿನ ಸಾಮಾನು ‘ನಮ್ಮಜ್ಜಂದು’ ಅಂದರೆ ಕಾನೂನು ಸುಮ್ಮನಿರುವುದಿಲ್ಲ.

ಕಾಕಾ ಟೇಪ್ ಬಿಚ್ಚಿ, ಬೆಳಕಿಗೆ ಹಿಡಿದು ನೋಡಿ ಜೋರಾಗಿ ನಕ್ಕ.

“ಎಮ್ಮಿ ಕೋಡ ಐತಿ ಯವ್ವಾ. ಚಿಗರಿ ಕೋಡಿನ ಮ್ಯಾಲ ಉಂಗುರ ಉಂಗುರ ಇರ್ತಾವು, ಸುರುಳಿ ಇರ್ತೈತಿ. ಅದರಾಗ ಇಷ್ಟ ಅಗಲ, ಇಷ್ಟ ಸಪಾಟ ಚಕ್ಕಿ ಎಲ್ಲಿಂದ ಬರಬೇಕ? ನಿಮ್ಮಜ್ಜ ದೊಡ್ಡಿಸ್ತನಾ ಬಡದಾನ.”

ಅಪ್ಪನೂ ನಕ್ಕರು. ನಾನು ನೆಮ್ಮದಿಯಿಂದ ನನ್ನ ಪ್ಲ್ಯಾನ್ ಹೇಳಿದೆ. ಕಾಕಾ ಪೂರ್ತಿ ಕೇಳಿಸಿಕೊಂಡ. ಸೀಳಿನಲ್ಲಿ ಉಗುರು ತೂರಿಸಿ ತೋರಿಸಿದ. ಕೋಡು ಅಂದರೆ ನಮ್ಮ ಉಗುರಿನ ಜಾತಿಯದೇ. ವರ್ಷಗಟ್ಟಲೆ ಒಣಗಿ, ನೆನೆದು, ಮತ್ತೆ ಒಣಗಿ ಬಾಗುತ್ತದೆ. ಒಳಗಿನ ಮೊಳೆ ತುಕ್ಕು ಹಿಡಿದು ಉಬ್ಬಿದರೆ ಅಲ್ಲಿಂದಲೇ ಸೀಳು ಶುರು. ಅಂಟು ಸೀಳನ್ನು ಮುಚ್ಚಬಹುದು. ಆದರೆ ಅಲಗು ತಿರುಗುವ ಮೊಳೆಯೇ ಸಡಿಲಾಗಿತ್ತು, ಬೆರಳು ಕೊಯ್ದದ್ದೂ ಅದಕ್ಕೇ. ಮೊಳೆ ಬಿಗಿ ಮಾಡಬೇಕೆಂದರೆ ಹಿಡಿಕಿ ಬಿಚ್ಚಲೇಬೇಕು, ಬಿಚ್ಚಿದರೆ ಆ ಕೋಡು ಉಳಿಯುವುದಿಲ್ಲ.

“ಹಂಗಂದ್ರ ಇದರಂಗ ಇನ್ನೊಂದು ಮಾಡು ಕಾಕಾ. ಇಷ್ಟೇ ದಪ್ಪ, ಇಷ್ಟೇ ತಗ್ಗು.”

ಕಾಕಾ ಚಾಕು ಕೆಳಗಿಟ್ಟ. “ಇನ್ನ ಮ್ಯಾಲ ಇದನ್ನ ಹಿಡಿಯೋರು ಯಾರವಾ? ನಿಮ್ಮಜ್ಜನೋ, ನಿಮ್ಮಪ್ಪನೋ?”

ಉತ್ತರಕ್ಕೆ ಕಾಯದೆ ಮೂಲೆಯಲ್ಲಿದ್ದ ಕಟ್ಟಿಗೆ ತುಂಡುಗಳನ್ನು ತಂದ. ಕುರ್ಪಿ ಹಿಡಿಕಿ, ಕುಡಗೋಲಿನ ಹಿಡಿಕಿ, ಕೊಡ್ಲಿ ಕಾವು. ಸಣ್ಣದನ್ನು ಅಪ್ಪನ ಬಲಗೈಗೆ ಕೊಟ್ಟು “ಬಿಗಿ ಹಿಡಿಯೋ” ಅಂದ. ಇನ್ನೊಂದು ತುದಿಯಿಂದ ಜಗ್ಗಿದ. ತುಂಡು ಸರಕ್ಕನೆ ಜಾರಿ ಬಂತು. ಅಪ್ಪನ ಕಿರುಬೆರಳು, ಉಂಗುರ ಬೆರಳು ಕಟ್ಟಿಗೆಯನ್ನು ಮುಟ್ಟೇ ಇರಲಿಲ್ಲ.

ಅದಕ್ಕೂ ಹಿಂದಿನ ವರ್ಷ ಅಪ್ಪನಿಗೆ ಸಣ್ಣಗೆ ಲಕ್ವಾ ಹೊಡೆದಿತ್ತು. ಮೂರು ತಿಂಗಳಲ್ಲಿ ನಡಿಗೆ ಸರಿಹೋಯಿತು, ಮಾತು ಸರಿಹೋಯಿತು. “ಈಗ ಹೆಂಗದೀರಿ?” ಅಂತ ನಾನು ದಿನಾ ಫೋನಿನಲ್ಲಿ ಕೇಳ್ತಿದ್ದೆ, “ಆರಾಮ” ಅಂತ ಅವರು ಹೇಳ್ತಿದ್ದರು. ವಿಡಿಯೋ ಕಾಲ್‌ನಲ್ಲಿ ಮುಖ ಕಾಣುತ್ತದೆ, ಮುಷ್ಟಿ ಕಾಣುವುದಿಲ್ಲ. ಕೆಂಪು ಚಾಕು ಕಪಾಟು ಸೇರಿದ್ದು ಯಾಕೆ ಅಂತ ನನಗೆ ಹೊಳೆದದ್ದು ಆ ಕುಲಿಮಿಯಲ್ಲಿ. ಅದರ ಅಲಗಿನ ಸಣ್ಣ ಗೀರಿಗೆ ಹೆಬ್ಬೆರಳಿನ ಉಗುರು ಸಿಕ್ಕಿಸಿ ಎಳೆಯಬೇಕು. ಅಪ್ಪನ ಹೆಬ್ಬೆರಳಿಗೆ ಆ ಶಕ್ತಿ ಇಲ್ಲ. ಮಗಳಿಗೆ ಅದನ್ನು ಹೇಳುವ ಮನಸ್ಸೂ ಇರಲಿಲ್ಲ.

ಮೂರನೇ ತುಂಡು ಜಾರಲಿಲ್ಲ. ಕೊಡ್ಲಿ ಕಾವಿಗಿಂತ ಸಣ್ಣದು, ಅಜ್ಜನ ಹಿಡಿಕಿಗಿಂತ ದುಪ್ಪಟ್ಟು ದಪ್ಪ. “ಇಷ್ಟ ಬೇಕು” ಅಂದ ಕಾಕಾ. ಅಪ್ಪ ಎದ್ದು ಮನೆಗೆ ಹೋಗಿ ಅಟ್ಟದಿಂದ ಹಳೇ ರಂಟಿಯ ಮುರಿದ ಮೇಳಿ ತಂದರು. ಟ್ರ್ಯಾಕ್ಟರ್ ಬಂದ ಮೇಲೆ ಅಲ್ಲೇ ಬಿದ್ದಿದ್ದ ಜಾಲಿ ಕಟ್ಟಿಗೆ. ಅದಕ್ಕಿಂತ ಒಣಗಿದ್ದು ಎಲ್ಲಿ ಸಿಗಬೇಕು?

ಕೆಲಸಕ್ಕೆ ಇಡೀ ಮಧ್ಯಾಹ್ನ ಹಿಡಿಯಿತು. ಕಾನಸಿನಿಂದ ಮೊಳೆಗಳ ತಲೆ ಉಜ್ಜಿ, ತಟ್ಟಿ ಹೊರಗೆ ತೆಗೆದ. ಒಳಗೆ ಎರಡು ಹಿತ್ತಾಳೆ ತಗಡು, ನಡುವೆ ಅಲಗು, ಬೆನ್ನಿಗೆ ಸ್ಪ್ರಿಂಗ್ ಪಟ್ಟಿ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಮಾಡುತ್ತಿದ್ದ ಮಡಚೋ ಚಾಕುಗಳ ರಚನೆಯೂ ಇದೇ ಅಂತ ನಾನು ಆಮೇಲೆ ಓದಿ ತಿಳಿದೆ. ಅಲಗನ್ನು ಮಾತ್ರ ಬೆಂಕಿಯ ಹತ್ತಿರ ಒಯ್ಯಲಿಲ್ಲ. “ನೀಲಿ ಬಣ್ಣ ತಿರುಗಿತಂದ್ರ ಅದರ ಹದಾ ಹೋತು” ಅಂದ. ಜಾಲಿಯ ಎರಡು ಚಕ್ಕೆ ಕೊಯ್ದು, ಅಂಟು ಹಾಕಿ, ಹೊಸ ಹಿತ್ತಾಳೆ ಮೊಳೆ ಹೊಡೆದ. ಅಲಗಿಗೂ ತಗಡಿಗೂ ನಡುವೆ ಒಂದು ತೆಳು ಕಾಗದ ಇಟ್ಟು ಮೊಳೆ ಬಡಿದು, ಆಮೇಲೆ ಕಾಗದ ಎಳೆದ. ಅಷ್ಟು ಸಂದು ಇಲ್ಲದಿದ್ದರೆ ಅಲಗು ತಿರುಗುವುದೇ ಇಲ್ಲ. ಕೊನೆಗೆ ಹಿಡಿಕಿಯ ಅಂಚಿನಲ್ಲಿ ಅರ್ಧಚಂದ್ರದ ಹಾಗೆ ಒಂದು ಕಚ್ಚು ತೆಗೆದ. ಈಗ ಉಗುರು ಬೇಡ, ಎರಡು ಬೆರಳಲ್ಲಿ ಅಲಗು ಚಿವುಟಿ ಹಿಡಿದು ಬಿಚ್ಚಬಹುದು.

ಹಿಂದೆ ಇಂಥ ಕೆಲಸಕ್ಕೆ ಸುಗ್ಗಿಯಲ್ಲಿ ‘ಆಯ’ ಅಂತ ಜೋಳ ಅಳೆಯುತ್ತಿದ್ದರು. ನಾವು ಕೊಟ್ಟದ್ದು ಇನ್ನೂರು ರೂಪಾಯಿ, ಅದನ್ನೂ ಫೋನ್‌ಪೇಯಲ್ಲಿ. ಕಾಕಾನ ಮಗ ಪುಣೆಯಲ್ಲಿ ಕಂಪನಿ ಕೆಲಸದಲ್ಲಿದ್ದಾನೆ. ಕ್ಯೂಆರ್ ಕೋಡ್ ಅಂಟಿಸಿ ಹೋದವನು ಅವನೇ.

ನಿಮ್ಮ ಮನೆಯಲ್ಲೂ ಇಂಥ ಚಾಕು, ಈಳಿಗಿ, ಅಡಕೊತ್ತು ಇದ್ದರೆ ನಾನು ಕಲಿತದ್ದು ಇಷ್ಟು. ಅಲಗು ಗಟ್ಟಿ ಇದ್ದರೆ ಹಿಡಿಕಿಗೋಸ್ಕರ ಸಾಮಾನು ಎಸೆಯಬೇಡಿ. ಟೇಪ್ ಸುತ್ತಿ ದಿನ ದೂಡಲೂ ಬೇಡಿ. ಟೇಪಿನ ಕೆಳಗೆ ನೀರು ನಿಂತು ಮೊಳೆ ಇನ್ನೂ ಬೇಗ ತುಕ್ಕು ಹಿಡಿಯುತ್ತದೆ. ಹಸಿ ಕಟ್ಟಿಗೆ ಬೇಡ, ಒಣಗಿದ ಮೇಲೆ ಕುಗ್ಗಿ ಮೊಳೆ ಸಡಿಲಾಗುತ್ತದೆ. ಜಾಲಿ, ಬೀಟೆ, ಹುಣಸೆಯಂಥ ಗಟ್ಟಿ ಕಟ್ಟಿಗೆ ಒಳ್ಳೆಯದು. ಹೊಸ ಹಿಡಿಕಿಗೆ ಅಗಸಿ ಎಣ್ಣೆ ಹಚ್ಚಿ. ಅದು ನಿಧಾನಕ್ಕೆ ಒಣಗಿ ಗಟ್ಟಿಯಾಗುತ್ತದೆ, ಶೇಂಗಾ ಎಣ್ಣೆಯಂತೆ ಜಿಡ್ಡಾಗಿ ಉಳಿಯುವುದಿಲ್ಲ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡದೆ ಹರವಿ ಒಣಗಿಸಿ, ಅಗಸಿ ಎಣ್ಣೆಯ ಬಟ್ಟೆ ತಾನೇ ಬಿಸಿಯಾಗಿ ಬೆಂಕಿ ಹತ್ತುವುದುಂಟು. ವಿಮಾನದಲ್ಲಿ ಬರುವವರು ಚಾಕುವನ್ನು ಕೈಚೀಲದಲ್ಲಿ ತರಬೇಡಿ. ಎಲ್ಲಕ್ಕಿಂತ ಮೊದಲು, ಅದನ್ನು ದಿನಾ ಬಳಸುವವರನ್ನು ಜೊತೆಗೆ ಕರೆದುಕೊಂಡು ಹೋಗಿ. ಅಳತೆ ಅವರ ಕೈಯಲ್ಲಿರುತ್ತದೆ.

ಹೊಸ ಹಿಡಿಕಿ ನೋಡಲಿಕ್ಕೆ ಅಂಥಾ ಚಂದ ಏನಿಲ್ಲ. ದಪ್ಪಗೆ, ಹೊಟ್ಟೆ ಬಂದ ಹಾಗಿದೆ, ಅಜ್ಜನ ಚಂಚಿಯಲ್ಲಿ ಹಿಡಿಸುವುದಿಲ್ಲ. ಹಳೇ ಕೋಡಿನ ಚಕ್ಕೆಗಳನ್ನು ಕಾಕಾ ಪೇಪರಿನಲ್ಲಿ ಕಟ್ಟಿಕೊಟ್ಟ. ತಗ್ಗು ಬಿದ್ದ ಚಕ್ಕೆ ಈಗ ನನ್ನ ಲ್ಯಾಪ್‌ಟಾಪ್ ಬ್ಯಾಗಿನಲ್ಲಿದೆ.

ಫೋನಿನಲ್ಲಿ “ಹೆಂಗದೀರಿ?” ಅಂತ ಕೇಳೋದು ಬಿಟ್ಟಿದ್ದೀನಿ. “ಇವತ್ತ ಏನ ಕೊಯ್ದ್ರಿ?” ಅಂತೀನಿ. ಹಗ್ಗ ಅಂತಾರೆ, ಸವತಿಕಾಯಿ ಅಂತಾರೆ. ಒಂದೊಂದು ದಿನ “ಇವತ್ತ ಕೈ ಬರಲಿಲ್ಲವಾ, ನಿಮ್ಮವ್ವನ ಕೊಯ್ದಳು” ಅಂತಲೂ ಹೇಳ್ತಾರೆ. ಮೊದಲೆಲ್ಲ ಹಂಗ ಹೇಳ್ತಿರಲಿಲ್ಲ.